ಉಪ್ಪಿನ ಸಾಲು, ಊರಿನ ಸಾಲು

ನನಗೆ ನಾಲ್ಕು ಜನರೆದುರು ಮಾತಾಡಲು ಬರುವುದಿಲ್ಲ. ಮೊನ್ನೆ ಮೊಮ್ಮಗಳು ಭಾಗ್ಯಾ ತಾನು ಕಲಾತಂಡಕ್ಕೆ ಸೇರಿದ ಸುದ್ದಿ ಹೇಳಿ, "ಆಯಿ, ನೀ ಇಪ್ಪತ್ತೆರಡು ವರ್ಷ ಪದ ಬರದೀಯಲ್ಲ, ಹೆಂಗ ಬರೀಬೇಕು ಹೇಳು" ಎಂದಾಗ ನಾನು ತಲೆ ಎತ್ತದೆ ರೊಟ್ಟಿ ತಟ್ಟುತ್ತಲೇ ಇದ್ದೆ. ಆಯಿಗೆ ಕೇಳುವುದೂ ಒಂದೇ, ಹಿಟ್ಟಿಗೆ ಕೇಳುವುದೂ ಒಂದೇ ಎಂದು ಮೊಮ್ಮಗ ಮಲ್ಲು ನಕ್ಕ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ನನ್ನ ಮುಖವನ್ನು ಯಾರೂ ನೋಡುವುದಿಲ್ಲ.

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಕೆಲಸ ಮಾಡಿದ್ದು ಆರೋಗ್ಯದ ಮಾತನ್ನು ಊರೂರಿಗೆ ಹಾಡಿ ಹೇಳುವ ಒಂದು ತಂಡದಲ್ಲಿ, ಪದ ಬರೆಯುವಾಕೆಯಾಗಿ. ಅರವತ್ತಾದ ಮೇಲೆ ಬಿಟ್ಟೆ. ಬರೆಯಲು ಆಗದೆ ಅಲ್ಲ, ಜೀಪು ಹತ್ತಿ ಇಳಿಯಲು ಮೊಣಕಾಲು ಒಪ್ಪಲಿಲ್ಲ. ಈ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಜಗಳ ಆಡಿದ್ದು ಒಂದೇ ಸಲ. ಅದೂ ಪದದ ಒಂದು ಸಾಲಿಗಾಗಿ. ಒಂದು ಸಾಲಿಗೆ ಕೆಲಸ ಕಳಕೊಂಡಳು ಎಂದು ಆಗ ಬಂಧುಗಳೆಲ್ಲ ಆಡಿಕೊಂಡರು. ಆಡಿಕೊಳ್ಳಲಿ. ಇವತ್ತು ಅದೇ ಸಾಲು ಕೇಳಿದರೆ ಇವತ್ತೂ ಅದೇ ಜಗಳ ಆಡುತ್ತೇನೆ. ಆ ಜಗಳ ನಿಮಗೆ ಅರ್ಥವಾದರೆ ಈ ಕೆಲಸ ಅರ್ಥವಾದಂತೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಅದನ್ನು ಮನೆಯಲ್ಲಿ ಈವರೆಗೆ ಯಾರಿಗೂ ಹೇಳಿಲ್ಲ.

ಪದ ಕಟ್ಟುವುದನ್ನು ಕಲಿಸಿದವಳು ನನ್ನ ಅವ್ವ. ಕಕ್ಕೇರಾ ಕಡೆಯ ಹಳ್ಳಿ ನಮ್ಮದು. ಅವ್ವನಿಗೆ ಓದು ಬಾರದು, ಆದರೆ ಬೀಗರ ಪದಕ್ಕೆ ಸುತ್ತ ಹತ್ತು ಊರಿನಿಂದ ಅವಳಿಗೆ ಕರೆ ಬರುತ್ತಿತ್ತು. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಹೊಗಳಬೇಕು, ಹೊಗಳುತ್ತಲೇ ಚುಚ್ಚಬೇಕು. ಅವರು ಅದೇ ಧಾಟಿಯಲ್ಲಿ ತಿರುಗಿ ಕೊಡಬೇಕು. ಧಾಟಿ, ಪ್ರಾಸ, ಕೊನೆಯ ಹೊರಳು ಇವೆಲ್ಲ ಹಿಂದಿನವರು ಇಟ್ಟು ಹೋದದ್ದು; ಯಾರೂ ಮುಟ್ಟುವಂತಿಲ್ಲ. ಒಳಗಿನ ಮಾತು ಮಾತ್ರ ಆ ಮನೆಯದು, ಆ ಹೊತ್ತಿನದು. ಹಾಡಲು ಕೂಡುವ ಮುಂಚೆ ಅವ್ವ ಗಂಡಿನವರ ಮನೆಯನ್ನು ಒಂದು ಸುತ್ತು ಹಾಕುತ್ತಿದ್ದಳು. ಒಲೆ, ಕಾಳು ತುಂಬುವ ಹಗೇವು, ಕೊಟ್ಟಿಗೆ, ಅತ್ತೆಯಾಗುವವಳ ಮೋರೆ, ಎಲ್ಲ ನೋಡಿಕೊಂಡು ಬಂದು ಕೂಡುತ್ತಿದ್ದಳು.

ನನಗೆ ಆಗ ಹದಿನಾರು. ಓದಿದವಳೆಂಬ ಸೊಕ್ಕಿತ್ತು. ಚಿಕ್ಕಪ್ಪನ ಮಗಳ ಮದುವೆಗೆ ನಾನು ಪದಗಳನ್ನು ವಾರ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ಗಂಡಿನವರ ಜೋಡಿ ಎತ್ತು ಆ ಸೀಮೆಗೇ ಹೆಸರಾದವು ಎಂದು ಕೇಳಿ, ಅದನ್ನೇ ಮೊದಲಿಗೆ ಇಟ್ಟಿದ್ದೆ.

ಕರಿಯೆತ್ತು ಬಿಳಿಯೆತ್ತು ಸರಿಜೋಡಿ ನಿಂತಾವ
ದೊರೆಯಂಥ ಬೀಗರ ಬಾಗಿಲಾಗ, ನಮ ಹೆಣ್ಣು
ಸಿರಿಯಾಗಿ ಒಳಗ ಬರತಾಳ

ಹಾಡಿ ಮುಗಿಸಿದೆ. ಯಾರೂ ನಗಲಿಲ್ಲ, ಯಾರೂ ತಿರುಗಿ ಹಾಡಲಿಲ್ಲ. ಗಂಡಿನ ತಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅವರ ಕರಿಯೆತ್ತು ಮೂರು ದಿನದ ಹಿಂದೆ ಸತ್ತಿತ್ತು. ಮದುವೆಯ ಮನೆಯಿಂದ ಕೆಟ್ಟ ಸುದ್ದಿ ಹೊರಗೆ ಹೋಗಬಾರದೆಂದು ಅವರು ಯಾರಿಗೂ ಹೇಳಿರಲಿಲ್ಲ. ಅವ್ವನಿಗೂ ಯಾರೂ ಹೇಳಿರಲಿಲ್ಲ, ಆದರೆ ಕೊಟ್ಟಿಗೆಯಲ್ಲಿ ಒಂದು ಗೂಟಕ್ಕೆ ಬರೀ ಹಗ್ಗ ಸುತ್ತಿಟ್ಟದ್ದನ್ನು ಅವಳು ನೋಡಿದ್ದಳು. ನನ್ನ ಧಾಟಿ ಆರುವ ಮುಂಚೆಯೇ ಎತ್ತಿಕೊಂಡಳು:

ನೊಗದಾಗ ಒಂದೆತ್ತು ಒಂಟ್ಯಾಗಿ ನಿಂತಾದ
ಮೊಗವೆತ್ತಿ ನೋಡ್ರಿ ಬೀಗರ, ನಮ ಹೆಣ್ಣು
ಹೆಗಲ ಕೊಡಲಾಕ ಬಂದಾಳ

ಆ ತಾಯಿ ಅತ್ತಳು, ಅಳುತ್ತಲೇ ನಕ್ಕಳು, ಎದ್ದು ಬಂದು ಅವ್ವನ ಕೈ ಹಿಡಿದಳು. ಮನೆಗೆ ಬಂದ ಮೇಲೆ ಅವ್ವ ನನಗೆ ಬೈಯಲಿಲ್ಲ. ನೋಟ್‌ಬುಕ್ ಕೇಳಿ ತೊಗೊಂಡು, ಹಾಳೆ ತಿರುವಿ ನೋಡಿ, "ಇದರಾಗ ಜಾಗಾ ಎಲ್ಲಿ ಬಿಟ್ಟೀದಿ?" ಎಂದಳು. ಅಷ್ಟೇ. ಓದು ಬಾರದವಳಿಗೆ ಹಾಳೆ ತುಂಬಿದ್ದು ಕಂಡಿತ್ತು.

ಮುಂದೆ ನನ್ನ ಮದುವೆಯಾಯಿತು. ನಿಮ್ಮ ಮುತ್ಯಾ ನಾರಾಯಣಪುರದಲ್ಲಿ ಕಾಲುವೆಯ ಕೆಲಸದಲ್ಲಿದ್ದರು. ಜ್ವರ ಬಂದು ಹನ್ನೊಂದು ದಿನದಲ್ಲಿ ಹೋದರು. ನಿಮ್ಮಪ್ಪನಿಗೆ ಆಗ ಆರು, ನಿಮ್ಮತ್ತೆಗೆ ಮೂರು. ಕ್ವಾರ್ಟರ್ಸ್ ಬಿಟ್ಟು ಸುರಪುರಕ್ಕೆ ಬಂದೆವು. ಗಂಡ ಸತ್ತವಳು ಮದುವೆಯ ಚಪ್ಪರದಲ್ಲಿ ಬಾಯಿ ತೆರೆಯಬಾರದು ಎನ್ನುವುದು ನಿಮಗೆ ಗೊತ್ತಿರುವ ಮಾತೇ. ನನ್ನ ಪದ ಅಶುಭವಾಗಿರಲಿಲ್ಲ, ನನ್ನ ಬಾಯಿ ಅಶುಭವಾಗಿತ್ತು. ಓಣಿಯ ಹೆಂಗಸರು ಮದುವೆಗೆ ಎರಡು ದಿನ ಇರುವಾಗ ಹಿತ್ತಿಲಿಂದ ಬಂದು, ಶರಣಕ್ಕ, ಎರಡು ಪದ ಬರೆದುಕೊಡು ಎನ್ನುತ್ತಿದ್ದರು. ಬರೆದು ಕೊಡುತ್ತಿದ್ದೆ. ಚಪ್ಪರದಲ್ಲಿ ನನ್ನ ಪದಕ್ಕೆ ಜನ ಶಹಬ್ಬಾಸ್ ಎನ್ನುವುದನ್ನು ಮನೆಯೊಳಗೆ ಕುಳಿತು ಕೇಳುತ್ತಿದ್ದೆ. ಸಿಟ್ಟು ಬರಲಿಲ್ಲವೇ ಎಂದು ಕೇಳಬೇಡಿ. ಬಂತು. ಆ ಸಿಟ್ಟನ್ನು ಎಲ್ಲಿಯೂ ಕಳೆಯದೆ ಇಟ್ಟುಕೊಂಡೆ. ಮುಂದೆ ಉಪಯೋಗಕ್ಕೆ ಬಂತು.

ನನ್ನನ್ನು ತಂಡಕ್ಕೆ ಕರೆತಂದವರು ಶಾಹೀನ್ ಸಿಸ್ಟರ್. ನಮ್ಮ ಕಡೆಯ ಉಪಕೇಂದ್ರದ ನರ್ಸು. ಮನೆಯಲ್ಲಿ ಉರ್ದು, ಹೊರಗೆ ನಮ್ಮಂಥದೇ ಕನ್ನಡ. ನಾನು ಬರೆದ ಪದವನ್ನು ಯಾವುದೋ ಮದುವೆಯಲ್ಲಿ ಕೇಳಿ ಮನೆ ಹುಡುಕಿಕೊಂಡು ಬಂದರು. ತಂಡದಲ್ಲಿ ಹಾಡುವವಳು ಹತ್ತಿಕುಣಿಯ ದೇವಮ್ಮ. ಅವಳಿಗೆ ಮೈಕು ಬೇಕಿರಲಿಲ್ಲ. ಅವಳು ಕೆರೆಯ ಈ ದಂಡೆಯಲ್ಲಿ ಕೂಗಿದರೆ ಆ ದಂಡೆಯ ಎಮ್ಮೆ ತಿರುಗಿ ನೋಡುತ್ತಿತ್ತು. ಹಣಮಂತಪ್ಪ ಢೋಲಕ್ ಬಾರಿಸುತ್ತಿದ್ದ, ತಂಡದ ಲೆಕ್ಕಪತ್ರವೂ ಅವನದೇ. ನಾನು ಹಾಡುವುದಿಲ್ಲ, ಎದುರಿಗೆ ಬರುವುದಿಲ್ಲ, ಬರೆದು ಮಾತ್ರ ಕೊಡುತ್ತೇನೆ ಎಂದು ಮೊದಲೇ ಹೇಳಿಬಿಟ್ಟೆ. ಢೋಲಕ್ಕಿನ ಹಿಂದೆ, ಸೆರಗು ಹೊದ್ದು, ದೇವಮ್ಮನ ಕಿವಿಗೆ ಎಟುಕುವಷ್ಟು ಹತ್ತಿರ ನನ್ನ ಜಾಗ.

ಅವ್ವನ ಮಾತು ಇಲ್ಲಿ ಕೆಲಸಕ್ಕೆ ಬಂತು. ಪ್ರತಿ ಪದದಲ್ಲಿ ನಾಲ್ಕು ಸಾಲು. ಮೂರನ್ನು ಮನೆಯಲ್ಲೇ ಬರೆದು ಪಕ್ಕಾ ಮಾಡುತ್ತಿದ್ದೆ. ಮೂರನೆಯದನ್ನು ಖಾಲಿ ಬಿಡುತ್ತಿದ್ದೆ. ಊರು ಮುಟ್ಟಿದ ಮೇಲೆ ಮಿಕ್ಕವರು ಪರದೆ ಕಟ್ಟುವಷ್ಟರಲ್ಲಿ ನಾನು ಒಂದು ಸುತ್ತು ಹಾಕಿ ಬರುತ್ತಿದ್ದೆ: ನಳ, ಗಿರಣಿ, ಅಂಗನವಾಡಿ, ತಿಪ್ಪೆ. ಏನು ಕಣ್ಣಿಗೆ ಬಿತ್ತೋ ಅದನ್ನು ಆ ಖಾಲಿ ಸಾಲಿಗೆ ಕೂಡಿಸಿ ದೇವಮ್ಮನ ಕಿವಿಯಲ್ಲಿ ಹೇಳುತ್ತಿದ್ದೆ. ಅವಳು ಒಂದೇ ಸಲ ಕೇಳಿ ಹಾಡುತ್ತಿದ್ದಳು. ಇದಕ್ಕೆ ನಾವು ಊರಿನ ಸಾಲು ಎನ್ನುತ್ತಿದ್ದೆವು. ಹತ್ತಿಕುಣಿಯಲ್ಲಿ ಅವಳ ಸ್ವಂತ ಊರೆಂದು ನೋಡದೆ "ಕೆರಿ ತುಂಬ ನೀರದ, ಕೊಡಕ್ಕ ಮುಚ್ಚಳಿಲ್ಲ" ಎಂದು ಕೊಟ್ಟೆ. ಜನ ಬಿದ್ದು ಬಿದ್ದು ನಕ್ಕರು. ಅವಳ ಅತ್ತಿಗೆ ಮಾತ್ರ ತಿಂಗಳೊಪ್ಪತ್ತು ಅವಳ ಜೊತೆ ಮಾತು ಬಿಟ್ಟಳು, ಕೊಡ ಆ ಅತ್ತಿಗೆಯದೇ ಆಗಿತ್ತು. ತಮ್ಮ ಊರಿನ ಮಾತು ಬಂದ ಮೇಲೆ ಜನ ಮುಂದಿನ ಸಾಲಿಗೆ ಕಿವಿ ಕೊಡುತ್ತಾರೆ. ಹೇಳಬೇಕಾದ ಮಾತು ಆ ನಾಲ್ಕನೆಯ ಸಾಲಿನಲ್ಲಿ ಇರುತ್ತಿತ್ತು.

ಈಗೆಲ್ಲ ರೆಕಾರ್ಡಿಂಗ್ ಇದೆ, ಅಲ್ಲಿ ಊರಿನ ಸಾಲು ಹೇಗೆ ಎಂದು ಭಾಗ್ಯಾ ಕೇಳಬಹುದು. ನಾವೂ ಆ ಕಾಲ ನೋಡಿದ್ದೇವೆ. ಮೊದಲು ಬರೀ ಗಂಟಲು, ಆಮೇಲೆ ಮೈಕು, ಆಮೇಲೆ ಕ್ಯಾಸೆಟ್ಟು, ಕೊನೆಗೆ ಪೆನ್‌ಡ್ರೈವ್ ಹಾಕಿದ ಆಟೋ. ಯಾದಗಿರಿಯಲ್ಲಿ ಮೊದಲ ಸಲ ರೆಕಾರ್ಡ್ ಮಾಡಿಸುವಾಗ ನಾನು ಮೂರನೆಯ ಸಾಲಿನ ಜಾಗದಲ್ಲಿ ಬರೀ ಢೋಲಕ್ ಬಿಡಿ ಎಂದೆ. ರೆಕಾರ್ಡ್ ಮಾಡುವವನು ಹಾಡು ಕುಂಟುತ್ತದೆ ಎಂದು ತಕರಾರು ತೆಗೆದ. ಕುಂಟಲಿ ಬಿಡಪ್ಪ ಎಂದೆ. ಆಟೋದಲ್ಲಿ ಮೈಕು ಹಿಡಿದು ಕುಳಿತವರು ಆ ಜಾಗದಲ್ಲಿ ಎದುರಿಗೆ ಕಂಡದ್ದನ್ನು ಹೇಳುತ್ತಿದ್ದರು. ಸಾಧನ ಯಾವುದೇ ಬರಲಿ, ಜಾಗ ಬಿಡುವುದಿದ್ದರೆ ಬಿಡಬಹುದು.

ಇನ್ನು ನನ್ನ ತಪ್ಪು.

ಅದು ಕೃಷ್ಣೆಯ ದಂಡೆಯ ಒಂದು ಸಣ್ಣ ಊರು. ಮೀನು ಹಿಡಿಯುವವರ ಮನೆಗಳು ಹೆಚ್ಚು. ಊರೆಲ್ಲ ಚಾಪೆಯ ಮೇಲೆ ಮೀನು ಒಣಗಲು ಹಾಕಿದ್ದರು; ಹೆಂಗಸರು ಹಿಡಿ ಹಿಡಿ ಉಪ್ಪು ಎರಚುತ್ತಿದ್ದರು. ಅಂದು ಹಾಡಬೇಕಿದ್ದದ್ದು ವಾಂತಿಭೇದಿಯಾದ ಕೂಸಿಗೆ ಉಪ್ಪು ಸಕ್ಕರೆಯ ನೀರು ಮಾಡಿ ಕುಡಿಸುವ ಪದ. ಆಗ ಅದರ ಕೊನೆಯ ಸಾಲು "ಚಿಟಿಕಿ ಉಪ್ಪು ಹಾಕು ತಂಗಿ, ಚಲೋತ್ನಾಗಿ ಕಲಸು" ಎಂದಿತ್ತು. ಜನ ಮೈಮುರಿಯುತ್ತ ಕುಳಿತಿದ್ದರು. ಊರಿನ ಸಾಲು ಹಾಡಿದರೂ ಯಾರೂ ನಗಲಿಲ್ಲ. ನನಗೆ ತಡೆಯಲಾಗಲಿಲ್ಲ. ದೇವಮ್ಮನ ಕಿವಿಯಲ್ಲಿ ಕೊನೆಯ ಸಾಲನ್ನೇ ಬದಲಿಸಿ ಹೇಳಿದೆ: "ಹಿಡಿ ಉಪ್ಪು ಹಾಕು ತಂಗಿ, ಮೀನೊಂದೇ ಕಡಿಮಿ."

ಊರು ಹೋ ಎಂದು ನಕ್ಕಿತು. ಚಪ್ಪಾಳೆ ಹೊಡೆದು ಮತ್ತೆ ಹಾಡಿಸಿತು. ಮೂರು ಸಲ ಹಾಡಿಸಿತು. ನಾನು ಸೆರಗಿನೊಳಗೆ ಹಿಗ್ಗಿದೆ. ಶಾಹೀನ್ ಸಿಸ್ಟರ್ ಅಂದು ಬೇರೆ ಊರಿಗೆ ಹೋಗಿದ್ದರು.

ನಾಲ್ಕನೆಯ ದಿನ ಅವರು ನಮ್ಮ ಮನೆಗೆ ಬಂದರು. ಕುಳಿತುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದರು.

"ಶರಣಮ್ಮ, ಹಿಡಿ ಉಪ್ಪು ಅಂತ ಪದದಾಗ ಯಾರು ಹಾಕ್ಯಾರ?"

"ನಾನೇ" ಎಂದೆ.

"ಒಬ್ಬಾಕಿ ಹಿಡಿ ಉಪ್ಪು ಹಾಕಿ ಕೂಸಿಗಿ ಕುಡಿಸ್ಯಾಳ. ಪದ ಹಾಡಿಕೋತ ಕಲಸ್ಯಾಳ. ಕೂಸು ಶಹಾಪುರ ದವಾಖಾನ್ಯಾಗ ಅದ. ನಡಿ."

ಅವರ ಹಿಂದೆಯೇ ದವಾಖಾನೆಗೆ ಹೋದೆ. ಕೂಸಿಗೆ ಫಿಟ್ಸ್ ಬಂದಿತ್ತು. ಸಿಸ್ಟರ್ ಅದೇ ಹೊತ್ತಿಗೆ ಆ ಊರಿಗೆ ಹೋಗಿದ್ದರಿಂದ ಉಳಿದಿತ್ತು. ಹನ್ನೊಂದು ತಿಂಗಳ ಹೆಣ್ಣುಮಗು, ಕೈಗೆ ಸಲೈನ್ ಸೂಜಿ. ತಾಯಿ ಇಪ್ಪತ್ತರ ಒಳಗಿನವಳು. ನಾನು ಅವಳ ಪಕ್ಕ ನೆಲದ ಮೇಲೆ ಕುಳಿತು, ಆ ಸಾಲು ಬರೆದವಳು ನಾನೇ ಎಂದು ಹೇಳಿದೆ. ಬೈಯುತ್ತಾಳೆ, ಹೊಡೆದರೂ ಸರಿ ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿ ಹೇಳಿದಳು:

"ಅಕ್ಕಾ, ನಿಮ್ಮ ಪದ ಭಾಳ ಚಲೋ ಇತ್ತು. ಚಲೋ ಇತ್ತಂತನೇ ಬಾಯಾಗ ಉಳೀತು."

ಮೂರು ದಿನ ಅಲ್ಲೇ ಉಳಿದೆ. ಮಗು ಎದ್ದು ಮೊಲೆ ಕುಡಿದ ಮೇಲೆ ಮನೆಗೆ ಬಂದೆ. ಭಾಗ್ಯಾ, ನಿನ್ನ ಪದ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಹಿಗ್ಗು, ಬೇಡ ಎನ್ನುವುದಿಲ್ಲ. ಆದರೆ ಚೆನ್ನಾದ ಪದ ಮನೆಯೊಳಗೆ ಹೋಗಿ ಒಲೆಯ ಮುಂದೆ ಕೂಡುತ್ತದೆ, ಅದು ಹೇಳಿದಂತೆ ಕೈ ಆಡುತ್ತದೆ ಎಂಬುದನ್ನು ಮರೆಯಬೇಡ.

ತಪ್ಪು ಎಲ್ಲಿ ಆಯಿತು ಎಂದು ತಿಂಗಳುಗಟ್ಟಲೆ ಯೋಚಿಸಿದೆ. ಆ ಸಾಲು ಸಡಿಲವಿತ್ತು. ಚಿಟಿಕೆ ತೆಗೆದು ಹಿಡಿ ಇಟ್ಟರೂ ಧಾಟಿಗೆ ಏನೂ ಆಗುತ್ತಿರಲಿಲ್ಲ. ಪದ ಬರೆದವಳೇ ಹಾಗೆ ಬದಲಿಸಬಹುದಾದರೆ ಕೇಳಿದವರು ಬದಲಿಸಲಾರರೇ? ಅದಕ್ಕೇ ಪದವನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅಳತೆಗಳನ್ನು ಸಿಸ್ಟರ್ ಬಾಯಿಂದ ಕೇಳಿ, ಅವುಗಳನ್ನೇ ಪ್ರಾಸದ ಜಾಗಕ್ಕೆ ತಂದೆ.

ಲೀಟರ್ ಒಂದು ಕುದಿಸಿದ ನೀರು, ಸಕ್ಕರಿ ಚಮಚ ಆರು
ಹನಿ ಹನಿಯಾಗಿ ಕುಡಿಸು ತಂಗಿ, ಕೂಸು ಅತ್ತರ ಜೋರು
. . . . . . . . . . . . . . . .
ಉಪ್ಪು ಚಮಚ ಅರ್ಧ ತಂಗಿ, ಅರ್ಧ ಅಂದ್ರ ಅರ್ಧ

ಚಮಚ ಅಂದರೆ ಚಹಾದ ಸಣ್ಣ ಚಮಚ. ಅದನ್ನು ಸಿಸ್ಟರ್ ಎತ್ತಿ ತೋರಿಸುತ್ತಿದ್ದರು. ಇದರಲ್ಲಿ ಉಪ್ಪಿನ ಅಳತೆ ಮೂರು ಸಲ ಬಂದಿದೆ. ಒಮ್ಮೆ ಮರೆತವರಿಗೆ ಎರಡನೆಯದು ನೆನಪಿಸುತ್ತದೆ. ಕೊನೆಯ "ಅರ್ಧ ಅಂದ್ರ ಅರ್ಧ" ಎನ್ನುವುದನ್ನು ಜನರೇ ಕೂಗುವಂತೆ ಢೋಲಕ್ಕಿನ ಏಟು ಇಟ್ಟೆವು. ನೂರು ಬಾಯಿ ಕೂಗಿದ್ದನ್ನು ಒಬ್ಬ ತಾಯಿ ಮನೆಯಲ್ಲಿ ತಪ್ಪಲಾರಳು. ಅಂದಿನಿಂದ ಅಳತೆ, ಔಷಧ, ದಿನ ಹೇಳುವ ಸಾಲಿಗೆ ನಾವು ಉಪ್ಪಿನ ಸಾಲು ಎಂದು ಹೆಸರಿಟ್ಟೆವು. ಉಪ್ಪಿನ ಸಾಲನ್ನು ಮುಟ್ಟುವಂತಿಲ್ಲ, ಎದುರಿಗೆ ರಾಜನೇ ಕುಳಿತು ಆಕಳಿಸಿದರೂ. ಊರಿನ ಸಾಲನ್ನು ಮುಚ್ಚುವಂತಿಲ್ಲ.

ಆದರೆ ಅಷ್ಟರಲ್ಲಿ ಸುದ್ದಿ ಯಾದಗಿರಿಯ ಕಚೇರಿಗೆ ಮುಟ್ಟಿತ್ತು. ಆಗ ನಮ್ಮ ಮೇಲಿದ್ದ ಸಾಹೇಬರು ದಕ್ಷಿಣದ ಕಡೆಯವರು. ಕೆಟ್ಟವರಲ್ಲ. ಮಗು ಸತ್ತಿದ್ದರೆ ಎಂದು ಅವರು ಹೆದರಿದ್ದರು, ಹೆದರಬೇಕಾದದ್ದೇ. ಇನ್ನು ಮುಂದೆ ಎಲ್ಲ ಪದ ಟೈಪಾಗಿ ಬರಬೇಕು, ನಾಲ್ಕೂ ಸಾಲಿಗೆ ತಾವು ಮಂಜೂರಿ ಮುದ್ರೆಯ ಶಿಕ್ಕಾ ಹೊಡೆಯಬೇಕು, ಅದರ ಹೊರಗೆ ಒಂದಕ್ಷರ ಹಾಡಬಾರದು ಎಂದು ಆದೇಶ ಮಾಡಿದರು. ಖಾಲಿ ಬಿಟ್ಟ ಜಾಗಕ್ಕೆ ತಾವೇ "ನಮ್ಮಯ ಗ್ರಾಮ ಸುಂದರ ಗ್ರಾಮ, ಎಲ್ಲರು ಕೂಡಿ ಬಾಳೋಣ" ಎಂದು ಬರೆಸಿದರು.

ಕಕ್ಕೇರಾದಲ್ಲಿ ಅದನ್ನು ಹಾಡಿದೆವು. ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಗಟಾರದ ನೊಣ ಓಡಿಸುತ್ತ, "ಇದು ಯಾವೂರ ಪದನ್ರೇ? ನಮ್ದಲ್ಲ ಬಿಡ್ರಿ" ಎಂದು ಎದ್ದು ಹೋದಳು. ಅವಳ ಹಿಂದೆ ಇನ್ನೂ ಏಳೆಂಟು ಜನ ಎದ್ದರು. ಉಪ್ಪಿನ ಸಾಲು ಬರುವ ಹೊತ್ತಿಗೆ ಕೂಗಲು ಬಾಯಿಗಳೇ ಇರಲಿಲ್ಲ. ನಾಲ್ಕು ಊರಿನಲ್ಲಿ ಹೀಗೇ ಆಯಿತು. ಐದನೆಯ ಊರಿನ ಹಾಳೆಯಲ್ಲಿ ನಾನು ಸಾಹೇಬರ ಸಾಲು ಹೊಡೆದು ಹಾಕಿ, ಆ ಜಾಗದಲ್ಲಿ ಮತ್ತೆ ಚುಕ್ಕಿ ಇಟ್ಟು ಕಳಿಸಿದೆ.

ಕಚೇರಿಗೆ ಕರೆಸಿದರು. ನಾನು ಅಧಿಕಾರಿಯ ಎದುರು ಅದುವರೆಗೆ ನಿಂತವಳಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಎಷ್ಟು ಸುತ್ತಿಕೊಂಡಿದ್ದೆನೆಂದರೆ ಬೆರಳು ನೀಲಿಯಾಗಿತ್ತು.

"ನೋಡಮ್ಮ, ಒಂದು ಮಗು ಹೋಗಿಬಿಡ್ತಿತ್ತು. ಅದಾದ ಮೇಲೂ ಚುಕ್ಕಿ ಇಟ್ಟು ಕಳಿಸ್ತೀರಲ್ಲ, ನಿಮಗೆ ಭಯ ಇಲ್ವಾ?"

"ಅದ ರೀ. ಅಂಜಿಕಿ ಅದಂತನೇ ಉಪ್ಪಿನ ಸಾಲಿಗಿ ಮೊಳಿ ಹೊಡದೀನಿ. ಅದಕ್ಕ ನೀವು ಹತ್ತು ಶಿಕ್ಕಾ ಹೊಡೀರಿ."

"ಮತ್ತೆ ಇದು? ಇಲ್ಲೂ ತಪ್ಪು ಹೇಳಬಹುದು ತಾನೇ?"

"ಹೇಳಬಹುದು ರೀ. ಊರಿನ ಮಾತು ತಪ್ಪಿದ್ರ ಊರಾಗ ಕುಂತವ್ರು ಅಲ್ಲೇ ತಿದ್ದತಾರ. ಹಾಳ್ಯಾಗಿಂದು ತಪ್ಪಿದ್ರ ಯಾರ ತಿದ್ದಬೇಕ್ರಿ?"

ಅವರು ಒಂದು ಕಾಗದ ನನ್ನ ಮುಂದೆ ಸರಿಸಿದರು. ಮಂಜೂರಾದ ಹಾಳೆಯ ಹೊರಗೆ ಏನನ್ನೂ ಬರೆಯುವುದಿಲ್ಲ, ಹೇಳಿಕೊಡುವುದಿಲ್ಲ ಎಂದು ಅದರಲ್ಲಿತ್ತು. ಸಹಿ ಮಾಡಿ, ಇಲ್ಲದಿದ್ದರೆ ಬೇರೆಯವರಿಂದ ಬರೆಸುತ್ತೇವೆ ಎಂದರು.

ಅದನ್ನು ಎರಡು ಸಲ ಓದಿದೆ. ಪೆನ್ನು ಕೈಯಲ್ಲಿತ್ತು. ಮನೆಯಲ್ಲಿ ಓದುವ ಮಕ್ಕಳಿಬ್ಬರು. ಈ ಕೆಲಸ ಹೋದರೆ ಬೇರೆ ಕೆಲಸವಿರಲಿಲ್ಲ. ತಪ್ಪು ಮಾಡಿದವಳು ನಾನೇ, ಅದೂ ಹೌದು. ಆದರೆ ನಾನು ಉಪ್ಪಿನ ಸಾಲಿನಲ್ಲಿ ಮಾಡಿದ ತಪ್ಪಿಗೆ ಇವರು ಊರಿನ ಬಾಯಿ ಮುಚ್ಚಿಸುತ್ತಿದ್ದರು. ಕಾಲು ಮುರಿದವಳಿಗೆ ಕೈಗೆ ಪಟ್ಟಿ ಕಟ್ಟಿದ ಹಾಗೆ. ಪೆನ್ನನ್ನು ಮೇಜಿನ ಮೇಲಿಟ್ಟು, "ಬರಸ್ರಿ" ಎಂದೆ. ಒಂದೇ ಮಾತು. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕುಳಿತೆ. ಹಿಂತಿರುಗಿ ಹೋಗಬೇಕು ಎನಿಸಲಿಲ್ಲ.

ನಾಲ್ಕು ತಿಂಗಳು ಖಾನಾವಳಿಗೆ ರೊಟ್ಟಿ ಮಾಡಿಕೊಟ್ಟೆ. ತಂಡ ನನ್ನ ಪದಗಳನ್ನೇ ಹಾಡುತ್ತಿತ್ತು, ನಡುವೆ ಸುಂದರ ಗ್ರಾಮದ ಸಾಲು ಸೇರಿಸಿಕೊಂಡು. ದೇವಮ್ಮ ಒಂದು ಸಲ ಬಂದು, ಆ ಸಾಲು ಬಂದಾಗ ಬಾಯಲ್ಲಿ ಹರಳು ಕಚ್ಚಿದಂತಾಗುತ್ತದೆ ಎಂದು ಹೇಳಿ ಹೋದಳು.

ಆಮೇಲೆ ಒಂದು ದಿನ ತಂಡ ಸುರಪುರಕ್ಕೆ, ನಮ್ಮ ಓಣಿಗೇ ಬಂತು. ಇಳಿಹೊತ್ತು. ಸಾಹೇಬರು ತಾವೇ ನೋಡಲು ಬಂದು ಎದುರಿನ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಹಿಂದೆ, ಹೆಂಗಸರ ನಡುವೆ. ಹೋಗಬಾರದೆಂದೇ ಇದ್ದೆ. ಪಕ್ಕದ ಮನೆಯ ಬಸಮ್ಮ ಎಳೆದುಕೊಂಡು ಹೋಗಿದ್ದಳು.

ದೇವಮ್ಮ ಮೊದಲನೆಯ ಸಾಲು ಹಾಡಿದಳು, ಎರಡನೆಯದು ಹಾಡಿದಳು. ಮೂರನೆಯದಕ್ಕೆ ಬಾಯಿ ಮುಚ್ಚಿದಳು. ಹಣಮಂತಪ್ಪ ಒಂದು ಸುತ್ತು ಬಾರಿಸಿದ, ಅವಳು ಹಾಡಲಿಲ್ಲ. ಎರಡನೆಯ ಸುತ್ತು ಬಾರಿಸಿದ. ಮರೆತಿದ್ದಾಳೆಂದು ಜನ ಗುಸುಗುಸು ಎಂದರು. ಅವಳು ಮರೆತಿರಲಿಲ್ಲ. ನೇರ ನನ್ನನ್ನೇ ನೋಡುತ್ತಿದ್ದಳು.

ನಮ್ಮ ಓಣಿಯಲ್ಲಿ ನಳದ ನೀರು ತುಂಬುವ ಟಾಕಿಗೆ ಮೇಲೊಂದು ಕಲ್ಲು ಹಾಸಿನ ಮುಚ್ಚಳವಿತ್ತು. ಎರಡು ವರ್ಷದ ಹಿಂದೆ ಯಾರೋ ಅದನ್ನು ಇಳಿಸಿ ಬಸಮ್ಮನ ಮನೆಯ ಮುಂದೆ ಹಾಕಿದ್ದರು. ಬಟ್ಟೆ ಒಗೆಯಲು ಅಂಥ ನುಣುಪಾದ ಕಲ್ಲು ಇನ್ನೊಂದಿರಲಿಲ್ಲ. ಓಣಿಯೆಲ್ಲ ಅದರ ಮೇಲೇ ಒಗೆಯುತ್ತಿತ್ತು, ನಾನೂ ಸೇರಿ. ತೆರೆದ ಟಾಕಿಯಲ್ಲಿ ಪಾರಿವಾಳ ಕೂಡುತ್ತಿದ್ದವು. ಗೊತ್ತಿಲ್ಲದವರು ಯಾರೂ ಇರಲಿಲ್ಲ, ಹೇಳಿದವರೂ ಯಾರೂ ಇರಲಿಲ್ಲ.

ಮೂರನೆಯ ಸುತ್ತು ಶುರುವಾಯಿತು. ನಾನು ಎದ್ದು ನಿಂತೆ. ಸೆರಗು ತಲೆಯಿಂದ ಜಾರಿತು, ಸರಿಮಾಡಿಕೊಳ್ಳಲಿಲ್ಲ. ಹಾಡಿದೆ.

ಟಾಕಿ ಮುಚ್ಚಳ ಎಲ್ಲಿಗಿ ಹೋತು, ಬಟ್ಟಿ ಒಗಿಯೋ ಕಲ್ಲಾತು

ಹಿಂದಿನಿಂದ ಒಬ್ಬ ಮುದುಕಿ, ಗಂಡ ಸತ್ತವಳು ಬೀದಿಯಲ್ಲಿ ನಿಂತು ಹಾಡುತ್ತಾಳಲ್ಲ ಎಂದು ಗೊಣಗಿದಳು. ಬಸಮ್ಮ ಹೊರಳಿ, "ಬಾಯಿ ಮುಚ್ಚು ಬೇ, ಮುಂದಿಂದು ಮಂದಿ ಕೇಳ್ಲಿ" ಎಂದಳು. ಆಮೇಲೆ ತನ್ನ ಮನೆಯ ಮುಂದಿನ ಕಲ್ಲು ನೆನಪಾಗಿ ತಾನೇ ಮೊದಲು ನಕ್ಕಳು. ಓಣಿ ನಕ್ಕಿತು. ಆ ನಗು ಆರುವ ಮುಂಚೆ ನಾಲ್ಕನೆಯ ಸಾಲನ್ನೂ ನಾನೇ ಹಾಡಿದೆ, ಹಾಳೆಯಲ್ಲಿ ಇದ್ದಂತೆ, ಒಂದಕ್ಷರ ಆಚೀಚೆ ಮಾಡದೆ: ಉಪ್ಪು ಚಮಚ ಅರ್ಧ ತಂಗಿ. ಉಳಿದದ್ದನ್ನು ಇಡೀ ಓಣಿ ಕೂಗಿತು. ಅರ್ಧ ಅಂದ್ರ ಅರ್ಧ. ಮತ್ತೆ ಕೂಗಿತು. ಕುರ್ಚಿಯ ಮೇಲಿದ್ದ ಸಾಹೇಬರಿಗೆ ಅದು ಕೇಳಿಸದೆ ಇರಲು ಸಾಧ್ಯವಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವರು ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ನೀವು ಹಾಡಿದ ಸಾಲು ಇದರಲ್ಲಿ ಎಲ್ಲಿದೆಯಮ್ಮ?"

"ಅದರಾಗಿಲ್ರಿ. ಟಾಕಿ ಮ್ಯಾಲದ. ಹತ್ತಿ ನೋಡ್ರಿ."

ಅವರು ಹತ್ತಲಿಲ್ಲ. ನನಗೆ ಒಪ್ಪಿದೆ ಎಂದೂ ಹೇಳಲಿಲ್ಲ. ಅವರನ್ನು ಈ ಕಥೆಯಲ್ಲಿ ಇದ್ದದ್ದಕ್ಕಿಂತ ದೊಡ್ಡವರಾಗಿ ಮಾಡುವ ಮನಸ್ಸು ನನಗಿಲ್ಲ. ತಿಂಗಳ ಮೇಲೆ ಹಣಮಂತಪ್ಪ ಬರಹದ ಕೆಲಸ ತೊಗೊಂಡು ಮನೆಗೆ ಬಂದ. ನಾಲ್ಕೂ ಸಾಲಿಗೆ ಬೇಡ, ಅಳತೆ ಇರುವ ಸಾಲಿಗೆ ಮಾತ್ರ ಶಿಕ್ಕಾ ಹೊಡೆಯುತ್ತೇನೆ, ಉಳಿದದ್ದಕ್ಕೆ ಬರೆದವರೇ ಜವಾಬ್ದಾರರು ಎಂದು ಸಾಹೇಬರು ಹೇಳಿ ಕಳಿಸಿದ್ದರು. ನಾನು ಕೇಳಿದ್ದೂ ಅದನ್ನೇ. ನಿವೃತ್ತಳಾಗುವವರೆಗೆ ಆ ಜವಾಬ್ದಾರಿ ಹೊತ್ತೆ. ಮಂದಿಯ ಮುಂದೆ ಮತ್ತೆ ಹಾಡಲಿಲ್ಲ. ಆ ಒಂದು ಸಾಲು ಸಾಕಿತ್ತು.

ಆ ಹಾಡಿನ ಮರುದಿನ ಮುಂಜಾನೆ ಏನಾಯಿತೆಂದರೆ, ನಾನು ನೀರಿಗೆ ಹೋದಾಗ ಬಸಮ್ಮ ಸೀರೆ ಎತ್ತಿಕಟ್ಟಿ ಒಗೆಯುವ ಕಲ್ಲಿನ ಕೆಳಗೆ ಹಾರೆ ಹಾಕುತ್ತಿದ್ದಳು. ರಾತ್ರಿ ಗೊಣಗಿದ್ದ ಮುದುಕಿ ಪಕ್ಕದಲ್ಲಿ ನಿಂತು ಹೀಗಲ್ಲ ಹಾಗೆ ಎಂದು ಹೇಳಿಕೊಡುತ್ತಿದ್ದಳು. ಯಾರೂ ಯಾರನ್ನೂ ಕರೆದಿರಲಿಲ್ಲ. ಆ ಕಲ್ಲನ್ನು ಎತ್ತಲು ಐದು ಜನ ಹೆಂಗಸರು ಬೇಕಾದರು. ನಾನು ಕೊಡ ಕೆಳಗಿಟ್ಟು ಒಂದು ಮೂಲೆ ಹಿಡಿದೆ.